ಬೆಕ್ಕಿನ ಬೋನು

"ಇಬತ್ತಿ ಕಾಣವಲ್ದು ನೋಡ್ರಿ," ಎಂದಳು ಸಾವಿತ್ರಿ. ಫೋನಿನಲ್ಲಿ ಅವಳ ದನಿಗಿಂತ ಮಳೆಯ ಸದ್ದೇ ಹೆಚ್ಚು ಕೇಳಿಸುತ್ತಿತ್ತು. "ಮನ್ಯಾಗ ನೀರು ಹೊಕ್ಕಾವು. ನಾ ಮ್ಯಾಲ ಗೋದಾವರಮ್ಮನ ಮನಿಗೆ ಬಂದೀನಿ. ಅದೊಂದು ಸಿಗವಲ್ದು."

ಗುರುಸಿದ್ದಪ್ಪ ಬಾಲಾನಗರದ ಕಾರ್ಖಾನೆಯ ಕಿಟಕಿಯ ಬಳಿ ಸರಿದು, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡ. ಹಿಂದೆ ಲೇತ್ ಯಂತ್ರಗಳು ಓಡುತ್ತಿದ್ದವು. "ನೀರು ಎಷ್ಟೈತಿ?"

"ನಾ ಹತ್ತುವಾಗ ಮೊಣಕಾಲಿಗೆ ಬರಾಕತ್ತಿತ್ತು. ಈಗ ಇನ್ನೂ ಏರೈತಿ."

"ಎಲ್ಲೆಲ್ಲಿ ನೋಡಿದಿ?"

"ಕಪಾಟದ ಮ್ಯಾಲ, ಅಡಗಿಮನಿ ಅಟ್ಟದ ಮ್ಯಾಲ. ನೀರು ಕಂಡ್ರ ಬೆಕ್ಕು ಮ್ಯಾಲ ಏರೂದಲ್ಲೇನ್ರಿ? ಪೊಲೀಸ್ ಜೀಪು ಬಂತು, ಕೆರಿ ಕೋಡಿ ಬಿದ್ದೈತಿ, ಎಲ್ಲಾರೂ ಮ್ಯಾಲ ಹೋಗ್ರಿ ಅಂತ ಸೈರನ್ ಹೊಡಕೋತ. ಆವಾಗ ನನ್ನ ಕಾಲಾಗ ಸುತ್ತಾಕತ್ತಿತ್ತು. ಆಮ್ಯಾಲ ಇಲ್ಲ."

ಸೈರನ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಗುರುಸಿದ್ದಪ್ಪನಿಗೆ ಬೆಕ್ಕು ಎಲ್ಲಿದೆ ಎಂದು ಗೊತ್ತಾಯಿತು.

"ಬೋನರ ಇದ್ದಿದ್ರ ಛಲೋ ಆಗ್ತಿತ್ತು," ಎಂದಳು ಸಾವಿತ್ರಿ. "ಇವತ್ತೇ ನೀವು ಅದನ್ನ ಫ್ಯಾಕ್ಟ್ರಿಗೆ ಒಯ್ದೀರಿ. ಒಯ್ದೀರಿಲ್ಲ?"

"ತಡಿ, ಸಾಹೇಬ್ರು ಕರ್ಯಾಕತ್ತಾರ. ಹೊಳ್ಳಿ ಫೋನ್ ಮಾಡ್ತೀನಿ," ಎಂದು ಅವನು ಫೋನಿಟ್ಟ. ಯಾವ ಸಾಹೇಬರೂ ಕರೆದಿರಲಿಲ್ಲ.

ಮೂರು ಮಳೆಗಾಲದ ಹಿಂದೆ ಇದೇ ಕೆರೆಯ ನೀರು ಮಿಯಾಪುರದ ಹಿಂದಿನ ಅವರ ತಗ್ಗಿನ ಕಾಲೊನಿಗೆ ನುಗ್ಗಿತ್ತು. ನೀರು ಇಳಿದ ಮೇಲೆ ಕಂಪೌಂಡ್ ಗೋಡೆಯ ಮೇಲೆ ಅಂಗೈಯಷ್ಟು ಬೆಕ್ಕಿನ ಮರಿಯೊಂದು ಕಂಡಿತು. ತಾಯಿ ಇಲ್ಲ, ಒಡಹುಟ್ಟಿದವಿಲ್ಲ, ಕೂಗಿ ಕೂಗಿ ದನಿಯೂ ಇಲ್ಲ. ಮೈಯೆಲ್ಲ ಬೂದಿ ಬಣ್ಣ, ಹಣೆಯ ಮೇಲೆ ಅಡ್ಡಕ್ಕೆ ಬಿಳಿ ಗೆರೆಗಳು. "ಹುಟ್ಟುವಾಗಲೇ ಇಬತ್ತಿ ಹಚಗೊಂಡು ಬಂದೈತಿ ನೋಡ್ರಿ," ಎಂದು ಸಾವಿತ್ರಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆ ಹೆಸರೇ ಉಳಿಯಿತು. ವಿಭೂತಿಯ ಹೆಸರಿಟ್ಟುಕೊಂಡ ಬೆಕ್ಕು ಮೇಲಿನ ಮನೆಯಲ್ಲಿ ಮೀನು ತಿಂದು ಬರುವುದು ಗೊತ್ತಿದ್ದರೂ, ಗಂಡ ಹೆಂಡತಿ ಇಬ್ಬರೂ ಆ ಮಾತನ್ನು ಎತ್ತುತ್ತಿರಲಿಲ್ಲ.

ಆದರೆ ಮರಿ ಮನೆಗೆ ಬಂದ ವಾರದಲ್ಲೇ ಸಾವಿತ್ರಿ ಖಂಡಿತವಾಗಿ ಹೇಳಿದ್ದಳು. "ನೀರಿನ ಬಾಯಾಗಿಂದ ಉಳಿದು ಬಂದೈತಿ. ಮತ್ತ ನೀರಿಗೆ ಕೊಡೂದು ನನ್ನಿಂದ ಆಗೂದಿಲ್ಲ. ಹಂಗೇನರ ಆಗೂದಿದ್ರ ಈಗ ಯಾರಿಗರ ಕೊಟ್ಟಬಿಡೂಣು. ಹಚಗೊಂಡ ಮ್ಯಾಲ ಭಾಳ ತ್ರಾಸ ಆಗ್ತೈತಿ."

"ನಾ ಅದೀನಲ್ಲ," ಎಂದಿದ್ದ ಗುರುಸಿದ್ದಪ್ಪ. "ಇದರ ಹೊಣಿ ನಂದು."

ಹೊಣೆ ಹೊರುವುದೇ ಅವನ ಉದ್ಯೋಗ. ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಡ್ರಿಲ್ ಮಾಡಿಸಿದರೆ ಕಲಿಯದ ಪ್ರಾಣಿ ಭೂಮಿಯ ಮೇಲೆ ಇಲ್ಲವೆಂದು ನಂಬಿದವನು; ಫೋರ್‌ಮನ್ನುಗಳಿಗೇ ಕಲಿಸಿದವನಿಗೆ ಬೆಕ್ಕು ಯಾವ ಲೆಕ್ಕ? ಮೊದಲು ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ತೂಗುಹಾಕಿದ. ಅದರಲ್ಲಿ ಇಬತ್ತಿಯ ಲಸಿಕೆ ಕಾರ್ಡು, ಒಂದು ಬಾಟಲಿ ನೀರು, ಹಾಲಿನ ಪುಡಿ, ಹಳೆಯ ಟವೆಲ್ಲು, ಬ್ಯಾಟರಿ. ಹಾಲಿನ ಪುಡಿಯನ್ನು ಆಗಾಗ ಬದಲಿಸುತ್ತಿದ್ದ. ಆಮೇಲೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ. ಕೊನೆಗೆ, ಗುಜರಿಗೆ ಬಿದ್ದಿದ್ದ ತೂತಿನ ತಗಡು ಕೇಳಿ ತಂದು, ಊಟದ ಬಿಡುವಿನಲ್ಲಿ ಬಡಿದು ಬಡಿದು ಒಂದು ಬೋನು ಮಾಡಿದ.

ಬೆಕ್ಕು ಒಳಗೆ ಹೋಗುವುದೇನೋ ಹೋಗುತ್ತದೆ, ಗಾಬರಿಯಾದರೆ ಅಷ್ಟೇ ಬೇಗ ಹೊರಗೆ ಹಾರುತ್ತದಲ್ಲ, ಅದಕ್ಕೊಂದು ಉಪಾಯ ಹೂಡಿದ. ಬೋನಿನ ತಳದಲ್ಲಿ ಒಂದು ಪಟ್ಟಿ. ಅದರ ಮೇಲೆ ಕಾಲಿಟ್ಟರೆ ಸ್ಪ್ರಿಂಗ್ ಬಿಟ್ಟುಕೊಂಡು ಬಾಗಿಲು ಟಪ್ಪೆಂದು ಬೀಳಬೇಕು. ಸಾವಿತ್ರಿ ನೋಡಿ ಬಿದ್ದು ಬಿದ್ದು ನಕ್ಕಳು. "ಬೆಕ್ಕಿಗೆ ಇಲಿ ಬೋನು ಮಾಡೀರಲ್ರಿ!"

ಅವಳು ನಕ್ಕರೇನು, ಡ್ರಿಲ್ ಶುರುವಾಯಿತು. ಫೋನಿನಲ್ಲಿ ಸೈರನ್ ಹಚ್ಚುವುದು, ಬೋನಿನೊಳಗೆ ಚಿಟಿಕೆ ಬೆಣ್ಣೆ ಇಡುವುದು. ಮೊದಮೊದಲು ಸೈರನ್ನಿಗೆ ಹೆದರಿ ಅಟ್ಟ ಹತ್ತುತ್ತಿದ್ದ ಇಬತ್ತಿ, ಬರಬರುತ್ತ ಆ ಕೂಗು ಕೇಳಿದೊಡನೆ ಮಾಡುತ್ತಿದ್ದ ನಿದ್ದೆ ಬಿಟ್ಟೆದ್ದು, ಬೋನು ಎಲ್ಲೇ ಇರಲಿ ಹುಡುಕಿಕೊಂಡು ಹೋಗಿ ಒಳಗೆ ಕೂರುವಷ್ಟು ತಯಾರಾಯಿತು. ಬೋನನ್ನು ಒಮ್ಮೆ ಬಚ್ಚಲಲ್ಲಿ, ಒಮ್ಮೆ ಮೆಟ್ಟಿಲ ಕೆಳಗೆ ಇಟ್ಟು ಪರೀಕ್ಷೆ ಮಾಡಿದ. ಅಲ್ಲಿಗೂ ಬಂತು. ಮನೆಗೆ ಬಂದವರಿಗೆಲ್ಲ ಚಹಾ ಕೊಡುವ ಮೊದಲು ಇದನ್ನು ತೋರಿಸುತ್ತಿದ್ದ.

ಬೋನು ಸಾಮಾನ್ಯವಾಗಿ ವರಾಂಡದಲ್ಲಿ ಇರುತ್ತಿತ್ತು. ಈ ಮಳೆಗಾಲಕ್ಕೆ ಸ್ಪ್ರಿಂಗು ತುಕ್ಕು ಹಿಡಿದು, ಬಿದ್ದ ಬಾಗಿಲನ್ನು ಹೊರಗಿನಿಂದ ಎತ್ತುವುದೂ ಕಷ್ಟವಾಗಿತ್ತು. ಫ್ಯಾಕ್ಟರಿಗೆ ಒಯ್ದು ಎಣ್ಣೆ ಬಿಟ್ಟು ತರುತ್ತೇನೆ ಎಂದು ಹಿಂದಿನ ದಿನ ಹೆಂಡತಿಗೆ ಹೇಳಿದ್ದು ನಿಜ. ಆದರೆ ಬೆಳಿಗ್ಗೆ ಎದ್ದಾಗ ಸುರಿಯುತ್ತಿದ್ದ ಮಳೆಗೆ ಸ್ಕೂಟರ್ ತೆಗೆಯುವಂತಿರಲಿಲ್ಲ. ಮೆಟ್ರೋದ ಗದ್ದಲದಲ್ಲಿ ಬೋನು ಹೊತ್ತು ನಿಲ್ಲುವುದು ಹೇಗೆ? ನೆನೆಯದಿರಲಿ ಎಂದು ಅದನ್ನು ಒಳಕೋಣೆಗೆ ತಂದು, ಮಂಚದ ಕೆಳಗಿನ ಟ್ರಂಕಿನ ಮೇಲೆ ಇಟ್ಟ. ಜಾಗ ಬದಲಾದರೆ ಡ್ರಿಲ್ ಮತ್ತೊಮ್ಮೆ ಆಗಬೇಕು ಎಂಬುದು ಅವನದೇ ನಿಯಮ. ಸಾವಿತ್ರಿ ಸ್ನಾನಕ್ಕೆ ಹೋಗಿದ್ದಳು. ಸೈರನ್ ಹಚ್ಚಿದ. ಇಬತ್ತಿ ಮಂಚದ ಕೆಳಗೆ ನುಗ್ಗಿ ಕೂತಿತು. ಬೆಣ್ಣೆ ತಿನ್ನಿಸಿ, ಬಾಗಿಲನ್ನು ಹೇಗೋ ಎತ್ತಿ ಬೆಕ್ಕನ್ನು ಬಿಟ್ಟು, ಸ್ಪ್ರಿಂಗನ್ನು ಮತ್ತೆ ಹೂಡಿಟ್ಟು, ಹೊತ್ತಾಯಿತೆಂದು ಕೊಡೆ ಹಿಡಿದು ಹೊರಟುಬಿಟ್ಟ. ಹೆಂಡತಿಗೆ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅನ್ನಿಸಲೂ ಇಲ್ಲ.

ಈಗ ಅವನು ಕಿಟಕಿಯ ಸರಳು ಹಿಡಿದು ನಿಂತ. ನೀರು ಕಂಡ ಬೆಕ್ಕು ಮೇಲೆ ಏರಬೇಕು. ಈ ಬೆಕ್ಕು ಏರಲಿಲ್ಲ. ಏರಬಾರದೆಂದು ಅವನೇ ಕಲಿಸಿದ್ದ.

ಹೇಳಿದರೆ ಸಾವಿತ್ರಿ ಇಳಿಯುತ್ತಾಳೆ. ಅದರಲ್ಲಿ ಅನುಮಾನವೇ ಇರಲಿಲ್ಲ. ಗೋದಾವರಮ್ಮನಿಗೆ ಮಂಡಿನೋವು, ಅವರ ಮನೆಯ ಗಂಡಸರು ಊರಲ್ಲಿಲ್ಲ. ತುರ್ತು ಸಹಾಯದ ನಂಬರಿಗೆ ಫೋನ್ ಮಾಡಿದ. ಎಷ್ಟು ಸಲ ಮಾಡಿದರೂ ಲೈನು ಬಿಜಿ ಎಂದೇ ಬಂತು. ಕೋಡಿ ಬಿದ್ದ ಕೆರೆಯ ನೀರು ಹೇಗೆ ಏರುತ್ತದೆ, ಮುಳುಗಿದ ಸ್ವಿಚ್ ಬೋರ್ಡು ಏನು ಮಾಡುತ್ತದೆ, ಇವೆಲ್ಲ ಅವನಿಗೆ ಬಾಯಿಪಾಠ. ಎಲ್ಲಕ್ಕಿಂತ ಹೆಚ್ಚಾಗಿ ಸಂಗಣ್ಣ ನೆನಪಾದ. ಬೀದರ್ ಕಡೆಯ ಹುಡುಗ. ಕಾರ್ಖಾನೆಯ ಪೇಂಟ್ ಶಾಪಿಗೆ ಬೆಂಕಿ ಬಿದ್ದಾಗ ಎಲ್ಲರ ಜೊತೆ ಹೊರಗೆ ಬಂದಿದ್ದ, ತಲೆ ಎಣಿಸುವಾಗ ಗುರುಸಿದ್ದಪ್ಪನ ಮುಂದೆಯೇ ನಿಂತಿದ್ದ. "ಜಾಕೀಟು ಬಿಟ್ಟು ಬಂದೀನ್ರಿ, ಈಗ ಬಂದೆ," ಎಂದು ಹೋದವನು ಬರಲಿಲ್ಲ. ಅವತ್ತಿನಿಂದ ಗುರುಸಿದ್ದಪ್ಪ ಪ್ರತಿ ಡ್ರಿಲ್ಲಿನಲ್ಲಿ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಒಂದೇ ಮಾತನ್ನು ಕೂಗಿ ಹೇಳಿಸುತ್ತಿದ್ದ: ಹೊರಗೆ ಬಂದ ಮೇಲೆ ಮತ್ತೆ ಒಳಗೆ ಹೋಗಬಾರದು. ಯಾವುದಕ್ಕೂ ಹೋಗಬಾರದು.

ಫೋನ್ ಮತ್ತೆ ಬಡಿದುಕೊಂಡಿತು.

"ಏನ್ರಿ, ಬೋನು ಅಲ್ಲೇ ಐತಿಲ್ಲ? ಅದು ಅದರಾಗ ಹೋಗಿ ಕುಂತೈತೇನೋ ಅಂತ ನನ್ನ ಜೀವ ಹೊಯ್ದಾಡಾಕತ್ತೈತಿ."

"ಹೂಂ. ಇಲ್ಲೇ ಐತಿ," ಎಂದ. "ಸಾವಿತ್ರಿ, ಕೇಳಿಲ್ಲೆ. ನೀ ಇಳೀಬ್ಯಾಡ. ಅದು ಎಲ್ಲೋ ಗ್ವಾಡಿ ಜಿಗಿದು ಹೋಗಿರ್ತೈತಿ. ನಾ ಹೊಂಟೀನಿ. ನೀ ಇಳೀಬ್ಯಾಡ, ನನ್ನಾಣಿ ಐತಿ."

ಅತ್ತಲಿಂದ ಬರಿಯ ಮಳೆಯ ಸದ್ದು. ಆಮೇಲೆ ಅದೂ ನಿಂತಿತು. ಅವಳ ಫೋನಿನ ಚಾರ್ಜು ಮುಗಿದಿರಬೇಕು.

ಮೆಟ್ರೋ ಓಡುತ್ತಿತ್ತು. ಒದ್ದೆ ಕೊಡೆಗಳ ನಡುವೆ ನಿಂತು, ಕೆಳಗೆ ಕಂದು ನೀರಾಗಿ ಹೋಗಿದ್ದ ರಸ್ತೆಗಳನ್ನು ನೋಡುತ್ತ ಅವನು ಲೆಕ್ಕ ಹಾಕುತ್ತಲೇ ಬಂದ. ಇಟ್ಟಿಗೆಯ ಮೇಲೆ ಮಂಚ, ಮಂಚದ ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಬೋನು. ತೊಡೆಯ ತನಕ ಬಂದಿದ್ದರೆ ಉಸಿರಾಡಲು ಜಾಗ ಉಂಟು. ಸೊಂಟದ ತನಕ ಬಂದಿದ್ದರೆ ಇಲ್ಲ. ಹೆಂಡತಿಯ ಜೀವ ದೊಡ್ಡದು, ಬೆಕ್ಕಿನ ಜೀವ ಸಣ್ಣದು. ಮಾಡಿದ್ದು ಸರಿಯೇ ಎಂದುಕೊಂಡ. ಮತ್ತೆ ಮೊದಲಿನಿಂದ ಲೆಕ್ಕ ಹಾಕಿದ. ತಪ್ಪಿಲ್ಲದೆ ಕಲಿತ ಪಾಠಕ್ಕಾಗಿ ಆ ಮೂಕಪ್ರಾಣಿ ಕತ್ತಲಲ್ಲಿ ಕೂತು ಬೆಣ್ಣೆಗಾಗಿ ಕಾಯುತ್ತಿರಬಹುದು ಎನ್ನಿಸಿ, ಅಷ್ಟು ಜನರ ನಡುವೆಯೇ ಅವನ ಕಣ್ಣು ತುಂಬಿತು.

ಮಿಯಾಪುರದಲ್ಲಿ ಇಳಿದಾಗ ಮಳೆ ಸಣ್ಣದಾಗಿತ್ತು, ಇನ್ನೂ ಬೆಳಕಿತ್ತು. ಕಾಲೊನಿಯ ತಿರುವಿನಿಂದಲೇ ನೀರು. ಪೊಲೀಸರು ಕಟ್ಟಿದ ಹಗ್ಗ ಹಿಡಿದುಕೊಂಡು, ಕಾಲಿನಿಂದ ನೆಲ ತಡಕುತ್ತ ಗೇಟು ಮುಟ್ಟಿದ. ಗೋಡೆಯ ಮೇಲೆ ಕೆಸರಿನ ಗೆರೆ ನೀರಿಗಿಂತ ಎರಡು ಬೆರಳು ಮೇಲಿತ್ತು. ಇಳಿಯಲು ಶುರುವಾಗಿದೆ ಎಂದರ್ಥ. ಮೀಟರ್ ಡಬ್ಬಿಯ ಕಡೆ ನೋಡಿದ. ಬೀದಿಗೇ ಕರೆಂಟು ತೆಗೆದಿದ್ದರು. ಹೊರಗಿನ ಮೆಟ್ಟಿಲಿನ ನಡುವೆ ಸಾವಿತ್ರಿ ಕೂತಿದ್ದಳು. ಅವಳನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಹತ್ತಿರ ಹೋಗಲಿಲ್ಲ, ಮುಖ ಸರಿಯಾಗಿ ನೋಡಲೂ ಇಲ್ಲ. ನೇರ ಬಾಗಿಲಿಗೆ ನಡೆದ.

"ಎಲ್ಲಿ ಹೊಂಟ್ರಿ? ನಾ ಎಲ್ಲಾ ಕಡೆ ನೋಡೀನ್ರಿ," ಎಂದಳು ಹಿಂದಿನಿಂದ. ದನಿ ಸೋತು ಹೋಗಿತ್ತು.

ನಡುಮನೆಯಲ್ಲಿ ಕುರ್ಚಿಗಳು ತೇಲುತ್ತಿದ್ದವು. ಒಳಕೋಣೆಯ ಬಾಗಿಲನ್ನು ನೀರೇ ತಳ್ಳಿ ಮುಚ್ಚಿತ್ತು; ಮಳೆಯ ಸದ್ದಿನಲ್ಲಿ ಅದರಾಚೆಯ ಕೂಗು ಯಾರಿಗೂ ಕೇಳಿಸಿರಲಿಕ್ಕಿಲ್ಲ. ಹೆಗಲು ಕೊಟ್ಟು ನೂಕಿ ಒಳಗೆ ಹೋಗಿ, ಮಂಚದಿಂದ ಇಳಿಬಿದ್ದ ಚಾದರ ಸರಿಸಿ ಕೈಹಾಕಿದ. ತಗಡು ತಾಕಿತು. ತಗಡಿನ ತೂತುಗಳಿಗೆ ಒಳಗಿನಿಂದ ಒತ್ತಿಕೊಂಡಿದ್ದ ಒದ್ದೆ ಮೂಗು ತಾಕಿತು. ಉಸಿರಿತ್ತು. ಬೋನಿನ ಮೇಲ್ಭಾಗದಲ್ಲಿ ಗೇಣಿಗಿಂತ ಕಡಿಮೆ ಜಾಗ ಉಳಿದಿತ್ತು. ಕೊರಳು ನೀಡಿ ಅಷ್ಟರಲ್ಲೇ ಮುಖ ಇಟ್ಟುಕೊಂಡು ನಿಂತಿತ್ತು ಇಬತ್ತಿ. ಅವನು ಬಿಕ್ಕಿದ. ಬೋನನ್ನು ಎಳೆದು ತಲೆಯ ಮೇಲೆ ಹೊತ್ತು ಹೊರಗೆ ಬಂದ.

ಸಾವಿತ್ರಿ ಎದ್ದು ನಿಂತಳು. ಕಣ್ಣು ಮೊದಲು ಬೆಕ್ಕಿನ ಮೇಲೆ ಹೋಯಿತು, ಆಮೇಲೆ ಬೋನಿನ ಮೇಲೆ. ಅಲ್ಲೇ ನಿಂತಿತು.

"ಇದು ಫ್ಯಾಕ್ಟ್ರ್ಯಾಗ ಇತ್ತಲ್ರಿ?"

ಬೋನಿನ ಬಾಗಿಲು ಏಳಲೊಲ್ಲದು. ಗುರುಸಿದ್ದಪ್ಪ ಬೋನನ್ನು ಮೆಟ್ಟಿಲಿಗೆ ಅದುಮಿ ಹಿಡಿದು, ತಗಡಿನ ಸಂದಿಗೆ ಬೆರಳು ತೂರಿಸಿ ಎಳೆದ. ಬೆರಳು ಕೊಯ್ದು ರಕ್ತ ಬಂತು, ಬಾಗಿಲು ಎದ್ದಿತು. ಇಬತ್ತಿ ಹೊರಗೆ ಹಾರಲಿಲ್ಲ. ಸಾವಿತ್ರಿಯೇ ಕೈಹಾಕಿ ತೆಗೆದುಕೊಂಡು, ಗೋದಾವರಮ್ಮನ ಟವೆಲ್ಲಿನಲ್ಲಿ ಸುತ್ತಿದಳು. ಅದು ನಡುಗುತ್ತಿತ್ತು.

"ಇಲ್ಲೇ ಇತ್ತು," ಎಂದ ಅವನು. "ಮಂಚದ ಕೆಳಗ. ಮುಂಜಾನೆ ನಾನೇ ಇಟ್ಟಿದ್ದೆ."

"ನಾ ಕೇಳಿದಾಗ ಗೊತ್ತಿತ್ತು?"

"ಗೊತ್ತಿತ್ತು. ಹೇಳಿದ್ರ ನೀ ಇಳೀತಿದ್ದಿ."

ಮೇಲಿನ ಕಟಾಂಜನ ಹಿಡಿದು ನಿಂತಿದ್ದ ಗೋದಾವರಮ್ಮ ತಡೆಯಲಾರದೆ ಬಾಯಿ ಹಾಕಿದರು. "ಎನ್ನಿ ಸಾರ್ಲು ದಿಗಿಂದೋ ಸಾರ್! ಚೆಬಿತೇ ವಿನಲೇದು." ಎಷ್ಟು ಸಲ ಇಳಿದಳೋ, ಹೇಳಿದರೆ ಕೇಳಲೇ ಇಲ್ಲ ಎಂದು ಅವರು ಹಣೆ ಹಣೆ ಬಡಿದುಕೊಂಡರು.

ಆಗ ಗುರುಸಿದ್ದಪ್ಪ ಹೆಂಡತಿಯನ್ನು ಸರಿಯಾಗಿ ನೋಡಿದ. ಅವಳ ಸೀರೆ ಕೊರಳ ತನಕ ಕೆಸರಾಗಿತ್ತು. ಕೂದಲಿಂದ ನೀರು ಸೋರುತ್ತಿತ್ತು, ಎಲ್ಲೋ ಪೂರ್ತಿ ಮುಳುಗಿ ಎದ್ದಿದ್ದಳು. ಎಡಗೈಯ ಬಳೆಗಳು ಒಂದೂ ಇರಲಿಲ್ಲ; ಮಣಿಕಟ್ಟಿನಿಂದ ಮೊಣಕೈವರೆಗೆ ತರಚಿತ್ತು. ಅಟ್ಟ, ಕಪಾಟು, ಕಿಟಕಿಯ ಮೇಲಿನ ಹಲಗೆ, ಹೀಗೆ ಎತ್ತರದ ಜಾಗಗಳನ್ನೆಲ್ಲ ನೀರಿನಲ್ಲಿ ಸ್ಟೂಲು ಇಟ್ಟು ಹತ್ತಿ ಹುಡುಕಿದವಳ ಕೈ ಅದು.

"ಇಳೀತಿದ್ದೆ," ಎಂದಳು ಸಾವಿತ್ರಿ, ಬೆಕ್ಕಿನ ಬೆನ್ನು ಒರೆಸುತ್ತ. "ಹೇಳಿದ್ರ ಒಂದು ಸಲ ಇಳೀತಿದ್ದೆ."

ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ.

ಅವಳು ಮೆಟ್ಟಿಲ ಮೇಲೆ ಮತ್ತೆ ಕುಳಿತು ಇಬತ್ತಿಯನ್ನು ಎದೆಗೆ ಅವಚಿಕೊಂಡಳು. ಗುರುಸಿದ್ದಪ್ಪ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ, ನೀರಿನಲ್ಲಿ ಕಾಲಿಟ್ಟುಕೊಂಡು ಕೂತ. ಅವಳ ಸೀರೆಯ ಅಂಚು ಅವನ ಕೈಗೆಟುಕುವಷ್ಟು ಹತ್ತಿರ ಇಳಿಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದ. ಕೆಸರು ನೀರು ಅವನ ಬೆರಳ ರಕ್ತದ ಜೊತೆ ಮೆಟ್ಟಿಲ ಮೇಲೆ ಹರಿಯಿತು. ಸ್ವಲ್ಪ ಮೇಲಕ್ಕೆ ಹಿಡಿದು ಮತ್ತೆ ಹಿಂಡಿದ. ಅವಳು ಅಂಚನ್ನು ಕಿತ್ತುಕೊಳ್ಳಲಿಲ್ಲ. ಸೀರೆಯಿಂದ ನೀರು ಬರುತ್ತಲೇ ಇತ್ತು.