ಹೂಂಗುಟ್ಟುವವನ ಸೀಟು

ಬಾಸಿತ್ ಎರಡನೇ ಹಿಡಿ ಮಣ್ಣಿಗೆ ಬಗ್ಗಿದಾಗ ಜೇಬಿನಲ್ಲಿದ್ದ ಫೋನ್ ಗುರ್ರೆಂದಿತು. ಪಕ್ಕದವರು ತಿರುಗಿ ನೋಡಿದರು. ಮೂರನೆಯ ಹಿಡಿಯನ್ನು ಅವಸರದಲ್ಲಿ ಹಾಕಿ ಅವನು ಹಿಂದೆ ಸರಿದ.

ಕುವೈತಿನ ಸುಲೈಬಿಖಾತ್ ಖಬರಸ್ತಾನದಲ್ಲಿ ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಒಂದರ ಹಿಂದೆ ಒಂದು ದಫನ ನಡೆಯುತ್ತದೆ. ಯಾರಿಗೂ ಹೆಚ್ಚು ಹೊತ್ತು ನಿಂತು ಅಳುವ ಪುರುಸೊತ್ತಿಲ್ಲ. ಡ್ರೈವರ್ ಮೋನಾಕರಿಗೆ ಹೆಗಲು ಕೊಟ್ಟವರಲ್ಲಿ ಹೆಚ್ಚಿನವರು ಗುರುತಿಲ್ಲದವರು. ಗುರುತಿನವರೆಂದರೆ ಅಬ್ಬಾಸಿಯಾದ ರೂಮಿನಲ್ಲಿ ಅವರ ಜೊತೆಗಿದ್ದ ಬಾಸಿತ್, ನೌಷಾದ್ ಮತ್ತು ಡೋಲ್ಫಿ. ಕ್ರಿಶ್ಚಿಯನ್ನನಾದ ಡೋಲ್ಫಿ ತಲೆಗೆ ಕರವಸ್ತ್ರ ಕಟ್ಟಿಕೊಂಡು ತುಸು ದೂರದಲ್ಲೇ ನಿಂತಿದ್ದ. ನಿನ್ನೆ ಬೆಳಿಗ್ಗೆ ಕಂಪನಿಯ ವ್ಯಾನು ಒರೆಸುತ್ತಿದ್ದಾಗ ಮೋನಾಕ ಕುಸಿದು ಬಿದ್ದದ್ದನ್ನು ಮೊದಲು ಕಂಡವನು ಅವನೇ.

ನಲ್ಲಿಯ ಹತ್ತಿರ ಕೈ ತೊಳೆದು ಬಾಸಿತ್ ಫೋನ್ ಕಿವಿಗಿಟ್ಟ. ಫರಂಗಿಪೇಟೆಯಿಂದ ಮೋನಾಕರ ಮಗಳು ಫರ್ಸಾನಾ ಕಳಿಸಿದ ವಾಯ್ಸ್ ಮೆಸೇಜು.

"ಬಾಸಿತಾಕ, ಎಲ್ಲ ಮುಗಿಯಿತಾ? ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಉಪ್ಪ ಕತೆ ಹೇಳುವುದನ್ನು ನಿಮ್ಮಲ್ಲಿ ಯಾರಾದ್ರೂ ರೆಕಾರ್ಡ್ ಮಾಡಿದ್ದುಂಟಾ? ನಮ್ಮಲ್ಲಿ ಉಪ್ಪನ ಸ್ವರವೇ ಇಲ್ಲ. ಊರಿಗೆ ಬಂದಾಗ ಅವರು ಕತೆ ಶುರು ಮಾಡಿದ್ರೆ, ಆಮೇಲೆ ಉಪ್ಪಾ ಅಂತ ನಾವು ಅವರು ತಂದ ಪೆಟ್ಟಿಗೆ ಬಿಚ್ಚುವುದರಲ್ಲೇ ಇದ್ದೆವು. ಈಗ ನೆನೆಸಿದ್ರೆ ನಾಚಿಕೆ ಆಗ್ತದೆ. ಬಾಸಿತನ ಹಾಗೆ ಹೂಂ ಹೇಳುವವ ಇಡೀ ಕುವೈತಲ್ಲಿ ಇಲ್ಲ ಅಂತ ಅವರು ಯಾವಾಗ್ಲೂ ಹೇಳ್ತಿದ್ರು."

ರೆಕಾರ್ಡ್ ಇತ್ತು. ಒಂದೇ ಒಂದು ಇತ್ತು. ಅದಕ್ಕೇ ಬಾಸಿತ್ ಫೋನನ್ನು ಮತ್ತೆ ಜೇಬಿಗಿಳಿಸಿದ.

*

ಕುವೈತ್ ಯುದ್ಧ ಮುಗಿದ ಹೊಸತರಲ್ಲಿ ಮೋನಾಕ ಜಪಾನಿ ಇಂಜಿನಿಯರುಗಳ ಕ್ಯಾಂಪಿನಲ್ಲಿ ಅಡುಗೆಯವರಾಗಿದ್ದರು. ಅಲ್ಲೊಬ್ಬ ಮುದುಕ ಮೇಸ್ತ್ರಿ. ಅವನ ಹಳ್ಳಿಯಲ್ಲಿ ಅರ್ಧ ವರ್ಷ ಹಿಮವಂತೆ, ಒಲೆಯ ಸುತ್ತ ಕೂತು ಕತೆ ಹೇಳದಿದ್ದರೆ ಚಳಿಗಾಲ ಕಳೆಯುವುದೇ ಇಲ್ಲವಂತೆ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಅವನು ಮೋನಾಕರಿಗೆ ಹೇಳಿದ ಕತೆಗಳಿಗೆ ಒಂದು ಕಟ್ಟುಪಾಡಿತ್ತು. ಹೇಳುವವನು ಉಸಿರು ತೆಗೆದುಕೊಳ್ಳುವಲ್ಲೆಲ್ಲ ಕೇಳುವವನು ದನಿಗೂಡಿಸಬೇಕು. ಆ ದನಿ ನಿಂತರೆ ಕತೆಯೂ ನಿಂತಿತು. ಹೇಳುವವನು ಎದ್ದು ಹೋಗಬೇಕು, ಆ ಕತೆಯನ್ನು ಕೇಳಿದವನ ಮುಂದೆ ಮತ್ತೆ ಎತ್ತಬಾರದು.

"ನಮ್ಮಲ್ಲೂ ಹಾಗೇ ಅಲ್ವಾ?" ಎನ್ನುತ್ತಿದ್ದರು ಮೋನಾಕ. "ಹೂಂ ಇಲ್ಲದ ಕತೆ ಉಪ್ಪಿಲ್ಲದ ಗಂಜಿ."

ಆಮೇಲೆ ಅವರು ಅರ್ದಿಯಾದ ಗೋಡೌನಿಗೆ ಕೆಲಸದವರನ್ನು ಕರೆದೊಯ್ಯುವ ವ್ಯಾನಿನ ಡ್ರೈವರಾದರು. ಸಂಜೆ ವಾಪಸ್ಸು ಬರುವಾಗ ಕತೆ. ಡ್ರೈವರ್ ಪಕ್ಕದ ಸೀಟು ಹೂಂಗುಟ್ಟುವವನದ್ದು. ಊರು ಬಿಟ್ಟು ಬಂದ ಹೊಸತರಲ್ಲಿ ಕಣ್ಣೀರು ಮುಚ್ಚಿಕೊಳ್ಳಲು ಬಾಸಿತ್ ಆ ಸೀಟಿನಲ್ಲಿ ಕೂತವನು, ಅಲ್ಲೇ ಉಳಿದ. ಹಿಮವೆಂದರೆ ಏನೆಂದು ಅವನು ಕೇಳಿದಾಗ ಮೋನಾಕ ಗೋಡೌನಿನ ಕೋಲ್ಡ್ ಸ್ಟೋರಿನ ಬಾಗಿಲು ತೆರೆದು, "ಇಡೀ ಊರೇ ಹೀಗೆ ಅಂದುಕೋ" ಎಂದಿದ್ದರು. ಆ ಮಾತಿನ ತಂಪಿನಲ್ಲಿ ಅವನು ಎಷ್ಟೋ ಬೇಸಿಗೆ ಕಳೆದಿದ್ದ.

ಹೋದ ವರ್ಷ ಅವನು ಹೊಸ ಫೋನ್ ಕೊಂಡ. ವ್ಯಾನಿಗೆ ಹೊಸ ಹುಡುಗರೂ ಬಂದರು. ಹಿಂದಿನ ಸೀಟಿನಲ್ಲಿ ಅವರು ನಗುತ್ತಿದ್ದರೆ, ಮುದುಕನ ಪಕ್ಕ ಕೂತು ಹೂಂ ಅನ್ನುವುದು ಬಾಸಿತನಿಗೆ ಮುಜುಗರವಾಗತೊಡಗಿತು.

ಒಂದು ಸಂಜೆ ಇಲಿಗಳ ಕುಸ್ತಿಯ ಕತೆ. ಬಡವನ ಮನೆಯ ಸಣಕಲು ಇಲಿ ದಿನಾ ಗುಡ್ಡಕ್ಕೆ ಹೋಗಿ ಸಾಹುಕಾರನ ಮನೆಯ ದಢೂತಿ ಇಲಿಯೆದುರು ಸೋಲುತ್ತದೆ. ಅದನ್ನು ಕಂಡ ಆ ಬಡ ಮುದುಕ ಮನೆಗೆ ಬಂದು ಹೆಂಡತಿಗೆ, 'ನಮ್ಮ ಮನೆಯ ಇಲಿ ಮಾರಾಯ್ತಿ, ಅದರ ಮಾನ ಹೋಗಬಾರದು' ಎನ್ನುತ್ತಾನೆ. ಮುದುಕಿ ಅಕ್ಕಿ ನೆನೆಸಿ, ಕಡೆದು, ಉಂಡೆ ಕಟ್ಟಿ ಬೇಯಿಸಿ ಪುಂಡಿ ಮಾಡಿ ಬಿಲದ ಬಾಯಲ್ಲಿಡುತ್ತಾಳೆ.

ಕತೆ ಶುರುವಾದಾಗಲೇ ಬಾಸಿತ್ ಫೋನನ್ನು ತೊಡೆಯ ಮೇಲಿಟ್ಟು ರೆಕಾರ್ಡ್ ಒತ್ತಿದ್ದ. ಹೂಂ ಅನ್ನಬೇಕಾದಲ್ಲಿ "ಚೀಂ ಚೀಂ" ಅಂದ. ಹಿಂದೆ ನಗು ಸಿಡಿಯಿತು. ಮೋನಾಕರೂ ಮೊದಲು ನಕ್ಕರು. ಅವನು ಮತ್ತೆ ಚೀಂಗುಟ್ಟಿದ. ನೌಷಾದ್ ತಡೆಯಲಾರದೆ, "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ, ಬಿಡು ಮಾರಾಯ" ಎಂದ. ಅದಕ್ಕೂ ನಕ್ಕರು. ಮೋನಾಕ ಸುಮ್ಮನಾದರು. ಅಬ್ಬಾಸಿಯಾಕ್ಕೆ ತಿರುಗುವಲ್ಲಿ ಇಂಡಿಕೇಟರ್ ಹಾಕಿದ್ದು ಬಿಟ್ಟರೆ ಮತ್ತೆ ಸದ್ದಿಲ್ಲ. ಅಂದೇ ಬಾಸಿತ್ ಅದನ್ನು 'ಜಪಾನ್ ಇಲಿ' ಎಂದು ಗೆಳೆಯರ ಗುಂಪಿಗೆ ಕಳಿಸಿದ. ಮರುದಿನದಿಂದ ವ್ಯಾನಿನಲ್ಲಿ ರೇಡಿಯೋ. ಬಾಸಿತ್ ಹಿಂದಿನ ಸೀಟಿಗೆ ಹೋದ. ಮೋನಾಕ ಒಂದು ದಿನವೂ ಏನೂ ಅನ್ನಲಿಲ್ಲ. ಊರಿಗೆ ಫೋನ್ ಮಾಡಿದಾಗ ಮಾತ್ರ ಅವನ ಹೂಂಕಾರವನ್ನು ಹೊಗಳುತ್ತಲೇ ಇದ್ದರೆಂದು ಬಾಸಿತನಿಗೆ ಈಗ ಗೊತ್ತಾದದ್ದು.

*

"ರೆಕಾರ್ಡ್ ಇಲ್ಲ ಅಂತ ಹೇಳಿಬಿಡು," ಎಂದ ನೌಷಾದ್, ಖಬರಸ್ತಾನದ ಹೊರಗೆ ಮೆಸೇಜು ಕೇಳಿ. ವ್ಯಾನಿನ ಕೀ ಈಗ ಅವನ ಕೈಯಲ್ಲಿತ್ತು.

"ಅದು ಅವರ ಸ್ವರ ನೌಷಾದಾಕ. ಬೇರೆ ಎಲ್ಲೂ ಇಲ್ಲ."

"ನಿನ್ನ ಚೀಂ ಚೀಂ ಕಟ್ ಮಾಡಿ ಕಳಿಸು," ಎಂದ ಡೋಲ್ಫಿ. "ಬಾ, ನಾನು ಮಾಡಿಕೊಡ್ತೇನೆ."

ವ್ಯಾನಿನ ನೆರಳಲ್ಲಿ ನಿಂತು ಇಬ್ಬರೂ ಪ್ರಯತ್ನಿಸಿದರು. ನಗು ಇರುವಲ್ಲೆಲ್ಲ ಕತ್ತರಿಸಿದರೆ ಉಳಿಯುತ್ತಿದ್ದದ್ದು 'ಮಾರಾಯ್ತಿ' ಮತ್ತು 'ಪುಂಡಿ'. ಮೋನಾಕರ ಪ್ರತಿ ಮಾತಿನ ಬಾಲದಲ್ಲೂ ಅವನ ಚೀಂ ಅಂಟಿಕೊಂಡಿತ್ತು. ಡೋಲ್ಫಿ ಫೋನನ್ನು ಹಿಂದೆ ಕೊಟ್ಟ.

ಬಾಸಿತ್ ಇದ್ದದ್ದನ್ನು ಇದ್ದ ಹಾಗೇ ಕಳಿಸಿದ. ಕೆಳಗೆ ಬರೆದ: 'ಆ ಇಲಿಯ ಸದ್ದು ನನ್ನದು.'

ಅವನು ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಹೋದ. ಡೋಲ್ಫಿಯೂ ಹಿಂದೆಯೇ ಹತ್ತಿದ. ಮುಂದಿನ ಸೀಟು ಖಾಲಿ ಇತ್ತು. ನೌಷಾದ್ ಒಮ್ಮೆ ಅದನ್ನು ನೋಡಿ ಗಾಡಿ ಸ್ಟಾರ್ಟ್ ಮಾಡಿದ. ರೇಡಿಯೋ ಹಾಕಲಿಲ್ಲ.

ಅಬ್ಬಾಸಿಯಾ ಹತ್ತಿರವಾಗುವಾಗ ಉತ್ತರ ಬಂತು. ಬೈಗುಳಕ್ಕೆ ಬಾಸಿತ್ ತಯಾರಾಗಿದ್ದ. ಅದಿರಲಿಲ್ಲ.

'ಕತೆ ಅರ್ಧಕ್ಕೆ ನಿಂತಿದೆ ಬಾಸಿತಾಕ. ಕೊನೆಗೆ ಯಾವ ಇಲಿ ಗೆದ್ದದ್ದು? ಸಮೀನಾ ಬಿಡ್ತಾ ಇಲ್ಲ, ಕೇಳ್ತಾನೇ ಇದ್ದಾಳೆ.'

ಸಮೀನಾ ಫರ್ಸಾನಾಳ ಪುಟ್ಟ ಮಗಳು.

"ಯಾರು ಗೆದ್ದದ್ದು?" ಬಾಸಿತ್ ಕೇಳಿದ. "ಇಲಿಗಳ ಕತೆಯಲ್ಲಿ."

ನೌಷಾದ್ ಕನ್ನಡಿಯಲ್ಲಿ ಅವನನ್ನು ನೋಡಿದ. "ನಮಗೆ ಯಾರಿಗೆ ಗೊತ್ತು? ಮೋನಾಕ ಹೇಳಲೇ ಇಲ್ಲವಲ್ಲ."

ಅಷ್ಟರಲ್ಲಿ ಇನ್ನೊಂದು ವಾಯ್ಸ್ ಮೆಸೇಜು ಬಂತು. ಒತ್ತಿದರೆ ಅದೇ ರೆಕಾರ್ಡು, ಆ ಕಡೆ ಮಗುವಿನ ಮುಂದೆ ಇಟ್ಟು ನುಡಿಸಿದ್ದು. ಮೋನಾಕರ ಸ್ವರ ದೂರದಿಂದ ಬಂದಂತೆ ಕೇಳಿತು. ಮುದುಕಿ ಅಕ್ಕಿ ನೆನೆಸಿದಳು. 'ಹೂಂ,' ಎಂದಿತು ಮಗು, ಚೀಂಕಾರಕ್ಕಿಂತ ಗಟ್ಟಿಯಾಗಿ. ಪುಂಡಿ ಮಾಡಿದಳು. 'ಹೂಂ.' ಬಿಲದ ಬಾಯಲ್ಲಿಟ್ಟಳು. 'ಹೂಂ.' ನಗುವೆಲ್ಲ ಮುಗಿಯಿತು. ಮೋನಾಕ ಸುಮ್ಮನಾದರು. ಟಕ್, ಟಕ್, ಟಕ್ ಎಂದು ಇಂಡಿಕೇಟರ್ ಬಡಿದುಕೊಳ್ಳತೊಡಗಿತು.

'ಹೂಂ,' ಎಂದಿತು ಮಗು ಅದಕ್ಕೂ. ಸ್ವಲ್ಪ ಕಾದು ಮತ್ತೆ, 'ಹೂಂ?'