ಸಿದ್ರಾಮ ಜಗ್ಗಿ ನೋಡಿದ ಗಾಡಿ

ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಹೋಟೆಲುಗಳಿಗೆ ಇಡ್ಲಿ ಸ್ಟೀಮರು, ದೋಸೆ ಕಾವಲಿ ಮಾಡಿಕೊಟ್ಟ ಸರ್ವೋತ್ತಮರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಚಕ್ರದ ಮೇಲೆ ಮನೆ ಕಟ್ಟುವ ಹುಚ್ಚು ಹಿಡಿಯಿತು. ಹಿಡಿಸಿದವರು ನೆರೂಲಿನ ಪ್ರಫುಲ್ಲಾ. ಬ್ಯಾಂಕಿನಿಂದ ನಿವೃತ್ತರಾದ ಆಕೆಗೆ ದೇಶ ಸುತ್ತಬೇಕು, ಆದರೆ ಲಾಡ್ಜಿನ ಹಾಸಿಗೆ ಆಗದು. ಒಂದು ವರ್ಷದ ದುಡಿತದ ಮೇಲೆ ಅಡುಗೆಕಟ್ಟೆ, ಮಂಚ, ಸ್ನಾನದ ಕೋಣೆ ಎಲ್ಲ ಇದ್ದ ಕ್ಯಾಂಪರ್ 2014ರ ಆಯುಧಪೂಜೆಯ ದಿನ ಹೊರಡಲು ಸಿದ್ಧವಾಗಿ ನಿಂತಿತು.

ಎಂಜಿನ್ ಇಲ್ಲದ ಅದರ ಕತ್ತು ಪಿಕಪ್ಪಿನ ಬೆನ್ನ ಮೇಲಿನ ಹಿಚ್ಚಿನಲ್ಲಿ, ಎಂದರೆ ಎಳೆಯುವ ಕೊಂಡಿಯಲ್ಲಿ, ಕೂರುತ್ತಿತ್ತು. ಪಿಕಪ್ಪು ಗಿಡ್ಡ. ಬಿಗಿ ತಿರುವಿನಲ್ಲಿ ಕ್ಯಾಂಪರಿನ ಮೂತಿ ಪಿಕಪ್ಪಿನ ಹಿಂದಿನ ಗಾಜಿಗೆ ಬಡಿಯುವ ಭಯವಿತ್ತು. ಅದಕ್ಕೆಂದೇ ಸರ್ವೋತ್ತಮರು ಹಿಚ್ಚನ್ನು ಹಳಿಯ ಮೇಲೆ ಜಾರುವಂತೆ ಮಾಡಿದ್ದರು. ಹೈವೇಯಲ್ಲಿ ಅದು ಮುಂದೆ ಇರಬೇಕು, ತಿರುವಿನಲ್ಲಿ ಹಿಂದೆ. ಎಲ್ಲಿ ನಿಂತರೂ ಎರಡು ದಪ್ಪ ಪಿನ್ನುಗಳು ತೂತಿಗೆ ಇಳಿದು ಅದನ್ನು ಅಲ್ಲೇ ಹಿಡಿಯಬೇಕು. ಶೆಡ್ಡಿನ ಗೇಟಿನಲ್ಲೇ ಅಂಥ ತಿರುವೊಂದಿತ್ತು. ಅಲ್ಲಿ ಎಡವಟ್ಟಾದರೆ ಇನ್ನು ಮೇಲೆ ಇಡ್ಲಿ ಸ್ಟೀಮರೇ ಗತಿ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಳೆದೊಯ್ಯಲು ಬಂದವನು ವಿಜಯಪುರದ ಕಡೆಯ ಸಿದ್ರಾಮ. ಹದಿನೆಂಟು ವರ್ಷ ಬಂದರಿನಿಂದ ಕಂಟೇನರ್ ಎಳೆದವನು. ಅವನ ಕೈಯ ಬಗ್ಗೆ ಸರ್ವೋತ್ತಮರಿಗೆ ಎಷ್ಟು ಗೌರವವೋ ಅವನ ನಿಧಾನದ ಬಗ್ಗೆ ಅಷ್ಟೇ ಸಿಟ್ಟು. ಗೇಟಿನಿಂದ ರಸ್ತೆಯವರೆಗೆ ಎರಡು ಸಲ ನಡೆದು ಬಂದ, ಕ್ಯಾಂಪರಿನ ಚಕ್ರಗಳಿಗೆ ಕಟ್ಟಿಗೆಯ ಅಡ್ಡ ಕೊಟ್ಟ, ಹಿಚ್ಚನ್ನು ಹಿಂದಕ್ಕೆ ಜಾರಿಸಿದ. ಪೂಜೆ ಆಗಲೇ ಮುಗಿದಿತ್ತು. ಹತ್ತೂವರೆಗೆ ರಾಹುಕಾಲ, ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು. ಪ್ರಫುಲ್ಲಾ ಚೆಂಡುಹೂವಿನ ಹಾರ ತೊಡೆಯ ಮೇಲಿಟ್ಟುಕೊಂಡು ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಕೂತೂ ಆಗಿತ್ತು.

ಸಿದ್ರಾಮ ಆಕೆಯನ್ನು ಇಳಿಯಲು ಹೇಳಿದ. ಒಮ್ಮೆ ಹಿಂದೆ ಮುಂದೆ ಜಗ್ಗಿ ನೋಡದೆ ಗಾಡಿ ಹೊರಡಿಸುವ ರೂಢಿ ತನಗಿಲ್ಲ, ಜಗ್ಗುವಾಗ ತನ್ನ ಹೊರತು ಒಳಗೆ ಯಾರೂ ಇರಕೂಡದು ಎಂದ. ಹತ್ತಿ ಕೂತವರನ್ನು ಇಳಿಸುವುದು ಅಪಶಕುನವೆಂದು ಸರ್ವೋತ್ತಮರು ರೇಗಿದರು. ಹಿಚ್ಚು ತಾನೇ ಕಟ್ಟಿದ್ದು, ಅದರ ಒಂದೊಂದು ಬೋಲ್ಟಿಗೂ ತಾನು ಜವಾಬ್ದಾರ, ಸುಮ್ಮನೆ ಹೊರಡು ಎಂದರು. ಸಿದ್ರಾಮ ಬಾಗಿಲು ತೆರೆದು ಹಿಡಿದು ನಿಂತೇ ಇದ್ದ. ಪ್ರಫುಲ್ಲಾ ಗೊಣಗುತ್ತ ಇಳಿದರು.

ಕ್ಯಾಂಪರಿನ ಬ್ರೇಕ್ ಹಿಡಿದಿಟ್ಟು ಅವನು ಪಿಕಪ್ಪನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದ. ಢಣ್ ಎಂದಿತು. ಹಿಂದೆ ನಿಲ್ಲಬೇಕಿದ್ದ ಹಿಚ್ಚು ಸರ್ರನೆ ಮುಂದಕ್ಕೆ ಜಾರಿತು. ಪ್ರಫುಲ್ಲಾ ಆಗಷ್ಟೇ ಕೂತಿದ್ದ ಸೀಟಿನ ಹಿಂದಿನ ಗಾಜಿಗೂ ಕ್ಯಾಂಪರಿನ ಮೂತಿಗೂ ಉಳಿದದ್ದು ಒಂದೇ ಗೇಣು. ಗಾಡಿ ನೆಟ್ಟಗೆ ನಿಂತಿದ್ದಕ್ಕೆ ಅಷ್ಟಾದರೂ ಉಳಿಯಿತು. ತಿರುವಿನಲ್ಲಾಗಿದ್ದರೆ ಮೂತಿಯ ಮೂಲೆ ಗಾಜು ಒಡೆದು ಒಳಗೇ ಬರುತ್ತಿತ್ತು.

ಸಿದ್ರಾಮ ಹಿಚ್ಚಿನ ಕೆಳಗೆ ಕೈ ಹಾಕಿದ. ಹಿಂಬದಿಯ ತೂತುಗಳಿಂದ ಕುಂಕುಮ ಹಚ್ಚಿದ ಎರಡು ಲಿಂಬೆಹೋಳು ಹೊರಬಂದವು. ನಮ್ಮವರ ಭಕ್ತಿ ಖಾಲಿ ಜಾಗ ಕಂಡರೆ ಸುಮ್ಮನಿರುವಂಥದ್ದಲ್ಲ. ಬೆಳಿಗ್ಗೆ ಪೂಜೆ ಮಾಡುವಾಗ ಸರ್ವೋತ್ತಮರು ಆ ಎರಡು ತೂತುಗಳನ್ನು ಕಂಡು, ದೇವರೇ ಅಳತೆ ಕೊಟ್ಟ ಹಾಗಿದೆಯಲ್ಲ ಎಂದು ಹಿಗ್ಗಿ, ಹೋಳುಗಳನ್ನು ಒತ್ತಿ ಕೂರಿಸಿದ್ದರು. ಪಿನ್ನುಗಳು ತೂತಿಗೆ ಇಳಿಯದೆ ಅವುಗಳ ಮೇಲೆಯೇ ಕೂತುಬಿಟ್ಟಿದ್ದವು.

ಸಿದ್ರಾಮ ಒಮ್ಮೆ ಸರ್ವೋತ್ತಮರ ಮುಖ ನೋಡಿ ಹೋಳುಗಳನ್ನು ಅಂಗಿಯ ಕಿಸೆಗೆ ಇಳಿಸಿದ. ಏನಾಯಿತೆಂದು ಪ್ರಫುಲ್ಲಾ ಓಡಿ ಬಂದು ಕೇಳಿದಾಗ ತಲೆ ಎತ್ತದೆ ಹೇಳಿದ:

"ನನ್ನ ಕೈಯಾಗಿಂದನ ತಪ್ಪಾತ್ರಿ ಅಕ್ಕಾರ. ಲಾಕ್ ಸರಿ ಹಾಕಿದ್ದಿಲ್ಲ ನಾ."

ಆಕೆಯ ಮುಖ ಬಿಗಿಯಿತು. ಲಾಕ್ ಹಾಕಲು ಬಾರದವನನ್ನು ನಂಬಿ ಘಟ್ಟ ಹತ್ತುವುದು ಹೇಗೆ, ಬೇರೆ ಡ್ರೈವರನ್ನು ಕರೆಸಿ ಎಂದು ಸರ್ವೋತ್ತಮರಿಗೆ ಹೇಳಿದರು. ಸರ್ವೋತ್ತಮರು ಹೂಂ ಎಂದುಬಿಟ್ಟಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಹದಿನೆಂಟು ವರ್ಷ ಒಂದು ಗಾಜೂ ಒಡೆಯದವನು ತನ್ನ ಹೆಸರನ್ನೇ ಅವರ ಕಾಲ ಬುಡದಲ್ಲಿ ಇಟ್ಟುಬಿಟ್ಟಿದ್ದ. ಇಂಥ ಮನುಷ್ಯನನ್ನು ಸರ್ವೋತ್ತಮರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

"ಅವನದ್ದಲ್ಲ ಪ್ರಫುಲ್ಲಕ್ಕ, ತಪ್ಪು ನಂದು. ಲಾಕಿನ ತೂತಿಗೆ ಲಿಂಬೆ ತುರುಕಿದ್ದು ನಾನು. ಹೊರಡು ಹೊರಡು ಅಂತ ಅವಸರ ಮಾಡಿದ್ದೂ ನಾನೇ. ನಿಮ್ಮನ್ನು ಇಳಿಸಿದ್ದು ಮಾತ್ರ ಅವನು."

ಪ್ರಫುಲ್ಲಾ ಸೀಟನ್ನು ನೋಡಿದರು, ಗಾಜನ್ನು ನೋಡಿದರು. ಆಮೇಲೆ ಹಾರವನ್ನು ಸರ್ವೋತ್ತಮರ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಿದ್ರಾಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಆ ಪಿನ್ನು ಕೂತಿದೆಯಾ ಇಲ್ಲವಾ ಅಂತ ನೋಡುವುದು ಹೇಗೆ, ನನಗೂ ಕಲಿಸು."

"ಕಣ್ಣಿಗೆ ಕಾಣೂದಿಲ್ರಿ ಅಕ್ಕಾರ. ಕೈ ಹಾಕ್ರಿ."

ಆಕೆ ಗ್ರೀಸಿನೊಳಗೆ ಕೈ ಹಾಕಿದರು. ಸರ್ವೋತ್ತಮರು ಹಾರವನ್ನು ಗೇಟಿಗೆ ಸಿಕ್ಕಿಸಿ ಬಂದು, ತಾವೇ ಕಟ್ಟಿದ ಹಿಚ್ಚಿನ ಮುಂದೆ, ಆಕೆಯ ಹಿಂದೆ, ತಮ್ಮ ಸರದಿಗೆ ಕಾದು ನಿಂತರು.