ಜಾರುಬಂಡೆಯ ಎರಡು ಗೆರೆ

ಐವತ್ತು ದಾಟಿದ ಹೆಂಗಸರು ಬೇಕಾಗಿದ್ದಾರೆ ಎಂದು ವಿಮಾನ ಕಾರ್ಖಾನೆಯ ಗೇಟಿಗೆ ಬೋರ್ಡು ಹಾಕಿದಾಗ ಊರೆಲ್ಲ ನಕ್ಕಿತು. "ವಯಸ್ಸಾಯ್ತು ಅಂತ ಕರೆದು ಕೂರಿಸೋರು ಇವರೊಬ್ಬರೇ ಕಣಮ್ಮ, ಬಿಡಬೇಡ," ಎಂದಳು ಮಗಳು.

ನಮ್ಮ ದೇಶದವರು ಎರಡಂತಸ್ತಿನ ದೈತ್ಯ ವಿಮಾನವೊಂದನ್ನು ಕಟ್ಟಿ ಮುಗಿಸಿದ್ದರು. ಸಮುದ್ರದಾಚೆಯ ದೇಶದವರೂ ಅಂಥದ್ದೇ ಒಂದನ್ನು ಕಟ್ಟಿದ್ದರು. ಯಾರದು ಮೊದಲು ಜನರನ್ನು ಹತ್ತಿಸಿಕೊಂಡು ಹಾರುತ್ತದೆ ಎನ್ನುವುದು ಎರಡೂ ದೇಶಗಳಿಗೆ ಮಾನದ ಪ್ರಶ್ನೆಯಾಗಿತ್ತು. ಅದಕ್ಕೆ ಮೊದಲು ಒಂದು ಪರೀಕ್ಷೆ ದಾಟಬೇಕು. ಕತ್ತಲಲ್ಲಿ, ಅರ್ಧ ಬಾಗಿಲುಗಳಿಗೆ ಬೀಗ ಹಾಕಿ, ಭರ್ತಿಯಾದ ವಿಮಾನವನ್ನು ಒಂದೂವರೆ ನಿಮಿಷದಲ್ಲಿ ಖಾಲಿ ಮಾಡಿ ತೋರಿಸಬೇಕು. ಕೂರುವವರು ನಿಜವಾದ ಪ್ರಯಾಣಿಕರಂತೆ ಎಲ್ಲ ವಯಸ್ಸಿನವರೂ ಇರಬೇಕು. ನೌಕರರು ಕೂರುವಂತಿಲ್ಲ. ಅವರ ಮನೆಯವರು ಕೂರಬಹುದು, ಆದರೆ ಮನೆಯಲ್ಲಿ ಏನೂ ಹೇಳಿಕೊಟ್ಟಿರಬಾರದು.

ನಮ್ಮ ಯಜಮಾನರು, ಇವರು, ಆ ವಿಮಾನದ ಮೇಲಂತಸ್ತಿನ ಬಾಗಿಲುಗಳ ಎಂಜಿನಿಯರ್. ವರ್ಷಗಟ್ಟಲೆ ಊಟಕ್ಕೆ ಕೂತರೆ ಬಾಗಿಲು, ಎದ್ದರೆ ಬಾಗಿಲು. ಅದರಲ್ಲಿ ನನ್ನ ತಲೆಗೆ ಒಂದಕ್ಷರವೂ ಹತ್ತಿಲ್ಲ ಎಂದು ಹೇಳಿದಾಗ ಅಧಿಕಾರಿ ನಗುತ್ತ ನನ್ನ ಹೆಸರು ಸೇರಿಸಿಕೊಂಡ. ಇವರು ನಗಲಿಲ್ಲ.

ಅಂದಿನಿಂದ ಇವರ ಬಾಯಿಗೆ ಬೀಗ. ಬಾಗಿಲು ಬಿಟ್ಟರೆ ಬೇರೆ ಮಾತೇ ಗೊತ್ತಿಲ್ಲದ ಮನುಷ್ಯ ತಟ್ಟೆ ನೋಡುತ್ತ ಕೂರುತ್ತಿದ್ದರು. ಒಂದು ಸಂಜೆ ತಲೆಯೆತ್ತಿ ಕೇಳಿದರು:

"ನಿನ್ನ ಮಂಡಿ ಈಗ ಹೇಗಿದೆ?"

"ಇದು ಬಾಗಿಲಿನ ವಿಷಯಕ್ಕೆ ಸೇರುತ್ತಾ?"

ಸ್ವಲ್ಪ ಯೋಚಿಸಿದರು. "ಇಲ್ಲ. ಮಂಡಿ ವಿಷಯಕ್ಕೇ ಸೇರುತ್ತೆ."

ಮಂಡಿ ನೋವು ಶುರುವಾಗಿ ಎಷ್ಟೋ ಕಾಲವಾಗಿತ್ತು. ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಎಲ್ಲವನ್ನೂ ಹೇಳಿದೆ. ಇವರು ಎಲ್ಲವನ್ನೂ ಕೇಳಿದರು.

ಹೇಳದೆ ಉಳಿಸಿಕೊಂಡದ್ದು ಒಂದೇ, ನನ್ನ ಭಯ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗಲೂ ನಾನು ಕೆಳಗೆ ನೋಡುವವಳಲ್ಲ. ನನ್ನ ಮನೆಯಲ್ಲೇ ಬೆಳೆದ ಆ ವಿಮಾನದೊಳಗೆ ಒಮ್ಮೆಯಾದರೂ ಹೋಗಿ ಕೂರಬೇಕೆಂಬ ಆಸೆಯಿಂದ ಹೆಸರು ಕೊಟ್ಟುಬಿಟ್ಟಿದ್ದೆ. ಈಗ ಹೊಸ್ತಿಲಲ್ಲಿ ನನ್ನ ಕಾಲು ಕಂಬದ ಹಾಗೆ ನಿಂತುಬಿಟ್ಟರೆ ಹಿಂದಿನ ಸಾಲೂ ನಿಲ್ಲುತ್ತದೆ. ಪರೀಕ್ಷೆ ಕೆಡುತ್ತದೆ. ಇವರ ಬಾಗಿಲಲ್ಲಿ, ಇವರ ಹೆಂಡತಿಯಿಂದ.

ಮತ್ತೊಬ್ಬಳೂ ನನ್ನ ಮನಸ್ಸಿನಲ್ಲಿ ಕೂತಿದ್ದಳು. ಹಿಂದಿನ ವರ್ಷ ಆಚೆಯವರ ಪರೀಕ್ಷೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು, ಬಾಗಿಲಿನಿಂದ ನೆಲಕ್ಕೆ ಬಿಚ್ಚಿಕೊಳ್ಳುವ ಗಾಳಿ ತುಂಬಿದ ಜಾರುಬಂಡೆಯ ಪಕ್ಕದಿಂದ ಉರುಳಿ ಸೊಂಟ ಮುರಿದುಕೊಂಡಿದ್ದಳು. ನಮ್ಮ ಪತ್ರಿಕೆಗಳು ಅದನ್ನು ಸಿಹಿ ಸುದ್ದಿಯಂತೆ ಅಚ್ಚು ಹಾಕಿದವು. ಒಬ್ಬಳು ಹೆಂಗಸನ್ನು ನೆಟ್ಟಗೆ ಇಳಿಸಲಾರದವರು ನಮಗೆ ಸಾಟಿಯೇ ಎಂದು ಅಂಗಡಿಯ ಸಾಲಿನಲ್ಲಿ ಜನ ಆಡಿಕೊಂಡರು. ನಾನು ಚೀಲ ಹಿಡಿದು ನಿಂತಿದ್ದೆ. ಅವಳಿಗೂ ಅಡುಗೆಮನೆಯೊಂದು ಇದ್ದೀತು, ಈಗ ಅಲ್ಲಿ ಕೆಲಸ ಮಾಡುವವರು ಯಾರು ಎಂದು ಯೋಚಿಸುತ್ತಿದ್ದೆ.

ಪರೀಕ್ಷೆಯ ದಿನ ಶೆಡ್ಡಿನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ನನಗೆ ಸಿಕ್ಕಿದ್ದು ಮೇಲಂತಸ್ತು. ಕೂತ ಮೇಲೆ ಮಗುವಿನ ಬದಲಿಗೆಂದು ಒಂದು ಭಾರದ ಗೊಂಬೆಯನ್ನು ತೊಡೆಯ ಮೇಲಿಟ್ಟರು. ದೀಪ ಆರಿತು. ಗಗನಸಖಿಯರು ಕೂಗಿ ಕರೆಯತೊಡಗಿದರು. ಹತ್ತಿರದ ಬಾಗಿಲು ತೆರೆಯಲಿಲ್ಲ. ಯಾರದೋ ಮೊಣಕೈ, ಯಾರದೋ ಉಸಿರು, ಗೊಂಬೆಯನ್ನು ಅವುಚಿಕೊಂಡು ಆಚೆ ಬದಿಗೆ ತಿರುಗಿದೆ. ಅಷ್ಟರಲ್ಲಿ ಎದುರಿಗೆ ಬಾಗಿಲಿನ ಚೌಕ; ಅದರಾಚೆ ಏನೂ ಇಲ್ಲ.

ಕಾಲು ನಿಂತಿತು.

ಆಗ ಅವು ಕಂಡವು. ಜಾರುಬಂಡೆಯ ಎರಡು ಅಂಚಿಗೂ ಮಸುಕಾದ ಬೆಳಕಿನ ಗೆರೆ. ಮೆಟ್ಟಿಲ ಪಕ್ಕದ ಕಂಬಿಗಳ ಹಾಗೆ ಅವು ನೆಲದವರೆಗೂ ಇಳಿದಿದ್ದವು. ಆಳ ಕಾಣಲಿಲ್ಲ, ದಾರಿ ಕಂಡಿತು. ಗಗನಸಖಿಯ ಕೈ ಬೆನ್ನಿಗೆ ತಾಗುವ ಮೊದಲೇ ನಾನು ಹಾರಿದ್ದೆ.

ಕೆಳಗೆ ಯಾರೋ ಎಬ್ಬಿಸಿ ನಿಲ್ಲಿಸಿದರು. ದೀಪ ಬಂದಿತು. ವಿಮಾನ ಗೆದ್ದಿತ್ತು. ಹಗ್ಗದಾಚೆ ನಿಂತಿದ್ದ ಇವರು ಜನ ಕೈ ಕುಲುಕುತ್ತಿದ್ದರೂ ನನ್ನ ಕಾಲನ್ನೇ ನೋಡುತ್ತಿದ್ದರು.

ಮನೆಗೆ ಬಂದು ಚಹಾ ಇಟ್ಟೆ. ಇನ್ನು ಬೀಗ ತೆಗೆಯಬಹುದಿತ್ತು. ಆ ಎರಡು ಗೆರೆಗಳನ್ನು ಹಾಕಿಸಿದ ಪುಣ್ಯಾತ್ಮರು ನೀವೇನಾ ಎಂದು ಕೇಳಿದೆ.

"ನಾನಲ್ಲ. ಆಚೆ ಬಿದ್ದಳಲ್ಲ, ಆಕೆ," ಎಂದರು. ಆಸ್ಪತ್ರೆಯ ಹಾಸಿಗೆಯಲ್ಲೇ ಆಕೆ ವಿವರವಾಗಿ ಹೇಳಿದ್ದಳಂತೆ. ಕತ್ತಲಲ್ಲಿ ತನ್ನ ಕಾಲು ಅಂಚನ್ನು ಹುಡುಕಿತು, ಸಿಗಲಿಲ್ಲ, ಕಂಡಿದ್ದರೆ ಬೀಳುತ್ತಿರಲಿಲ್ಲ ಎಂದು. "ಆಚೆಯವರು ಅದನ್ನ ಮುಚ್ಚಿಡಬಹುದಿತ್ತು. ನಮಗೂ ಕಳಿಸಿದರು. ಓದಿದ ವಾರವೇ ಗೆರೆ ಹಾಕಿಸಿದ್ವಿ."

"ಆಕೆ ಹೆಸರೇನು?"

"ವರದಿಯಲ್ಲಿ ಹೆಸರು ಬರೆಯಲ್ಲ. ಮಹಿಳೆ, ಐವತ್ತು ಮೀರಿದವರು, ಅಷ್ಟೇ."

"ನಾನೂ ಅಷ್ಟೇನಾ?"

"ನೀನೂ ಅಷ್ಟೇ."

ಬೇಸರವಾಗಲಿಲ್ಲ. ಒಂದೇ ಹೆಸರಿನಲ್ಲಿ ನಾವಿಬ್ಬರೂ ಇದ್ದೇವಲ್ಲ ಎನಿಸಿತು. ಸೊಂಟ ಮುರಿದು ಮಲಗಿದ್ದಾಗಲೂ ತನ್ನ ಕಾಲು ಎಲ್ಲಿ ತಡಕಾಡಿತು ಎಂದು ನೆನಪು ಮಾಡಿಕೊಂಡು ಹೇಳುವಷ್ಟು ತಾಳ್ಮೆ ಅವಳಿಗಿತ್ತು. ಯಾರಿಗಾಗಿ ಹೇಳುತ್ತಿದ್ದೇನೆ ಎಂದು ಅವಳಿಗೆ ತಿಳಿದಿರಲಾರದು. ನನಗಾಗಿ.

ಹೊರಗೆ ಗೆದ್ದ ಸಂಭ್ರಮದಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಇವರು ಬಾಗಿಲಿನ ಕೀಲಿನ ಬಗ್ಗೆ ಏನೋ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, "ಮಂಡಿ?" ಎಂದರು.

"ಚೆನ್ನಾಗಿದೆ," ಎಂದೆ. ಇವರಿಗೂ ಹೇಳಿದೆ, ಅವಳಿಗೂ ಹೇಳಿದೆ.